ವಿನ್‌ವುಡ್‌ನ ಫುಡ್ ಟೂರ್‌ನಲ್ಲಿ ಅಲ್ಲಿನ ಹಳೆಯ ಜನರ ಅಡುಗೆಯೂ ಇರಲಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಅಮೆರಿಕದ ಮಯಾಮಿ ನಗರದ ವಿನ್‌ವುಡ್ ಬಡಾವಣೆಯ ಫುಡ್ ಟೂರ್ ಬಗ್ಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಗೋಡೆಗೋಡೆಯ ಮೇಲೂ ಚಿತ್ರವಿರುವ ಬೀದಿಗಳಲ್ಲಿ ಗೈಡ್ ಒಬ್ಬರ ಜೊತೆ ನಡೆಯುತ್ತ, ಐದಾರು ಕಡೆ ನಿಂತು ಸ್ವಲ್ಪ ಸ್ವಲ್ಪ ತಿನ್ನುತ್ತ, ಎರಡೂವರೆ ಮೂರು ಗಂಟೆಗಳಲ್ಲಿ ಒಂದು ಬಡಾವಣೆಯ ಪರಿಚಯ ಮಾಡಿಕೊಳ್ಳುವ ಈ ಬಗೆಯ ಪ್ರವಾಸ ಈಗ ಜಗತ್ತಿನ ಅನೇಕ ನಗರಗಳಲ್ಲಿ ನಡೆಯುತ್ತಿದ್ದು, ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ಕನ್ನಡಿಗರೂ ಇದರಲ್ಲಿ ಪಾಲ್ಗೊಳ್ಳುತ್ತಿದ್ದಾರೆ. ಲೇಖನದಲ್ಲಿ ಬಣ್ಣವಿತ್ತು, ರುಚಿಯಿತ್ತು, ನೋಡಿ ಬಂದವರ ಉತ್ಸಾಹವೂ ಇತ್ತು. ಆದರೆ ವಿನ್‌ವುಡ್ ಪಾಳುಬಿದ್ದ ಗೋದಾಮುಗಳ ಖಾಲಿ ಪ್ರದೇಶವಾಗಿತ್ತು, 2009ರಲ್ಲಿ ಚಿತ್ರಗಳು ಬಂದವು, ಚಿತ್ರಗಳ ಬೆನ್ನಿಗೇ ಹೋಟೆಲುಗಳು ಬಂದವು, ಅಲ್ಲಿಗೆ ಬಡಾವಣೆಗೆ ಜೀವ ಬಂತು ಎಂಬ ಕಥೆಯನ್ನು ಲೇಖಕರು ಗೈಡ್ ಹೇಳಿದಂತೆಯೇ ಒಪ್ಪಿ ಬರೆದಿದ್ದಾರೆ. ಆ ಬಡಾವಣೆ ಎಂದೂ ಖಾಲಿಯಾಗಿರಲಿಲ್ಲ. ಅಲ್ಲಿ ದಶಕಗಳ ಕಾಲ ಜನ ಬಾಳಿದ್ದಾರೆ, ದುಡಿದಿದ್ದಾರೆ, ಒಲೆ ಹಚ್ಚಿದ್ದಾರೆ. ಬೇರೆ ಯಾವ ಬಗೆಯ ಪ್ರವಾಸ ಅವರನ್ನು ಮರೆತರೂ, ಊಟತಿಂಡಿಯ ಹೆಸರಿನಲ್ಲಿ ನಡೆಯುವ ಪ್ರವಾಸ ಅವರನ್ನು ಮರೆಯಬಾರದು ಎಂಬುದನ್ನು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮಗಳು ಫ್ಲಾರಿಡಾದಲ್ಲಿ ನೆಲೆಸಿರುವುದರಿಂದ ವಿನ್‌ವುಡ್‌ನಲ್ಲಿ ನಾನೂ ಓಡಾಡಿದ್ದೇನೆ, ಇಂಥದೊಂದು ಟೂರ್‌ನಲ್ಲಿ ಪಾಲ್ಗೊಂಡಿದ್ದೇನೆ. ಅದರ ಒಳ್ಳೆಯ ಅಂಶಗಳನ್ನು ಮೊದಲು ಹೇಳುವುದು ನ್ಯಾಯ. ನಮ್ಮ ಪಾಡಿಗೆ ನಾವು ನಡೆದಿದ್ದರೆ ನೋಡದೆ ದಾಟಿಬಿಡುತ್ತಿದ್ದ ಎಷ್ಟೋ ಸಂಗತಿಗಳನ್ನು ಗೈಡ್ ನಿಲ್ಲಿಸಿ ತೋರಿಸಿದರು. ಕ್ಯೂಬಾದ ಕಾಫಿಯನ್ನೇ ತೆಗೆದುಕೊಳ್ಳಿ. ಮಯಾಮಿಯಲ್ಲಿ ಅನೇಕ ಅಂಗಡಿಗಳಿಗೆ ಬೀದಿಯ ಕಡೆ ತೆರೆಯುವ ಒಂದು ಕಿಟಕಿಯಿರುತ್ತದೆ; ಅದಕ್ಕೆ ‘ವೆಂತಾನಿತಾ’ ಎನ್ನುತ್ತಾರೆ. ಗಿರಾಕಿಗಳು ಒಳಗೆ ಹೋಗದೆ ಆ ಕಿಟಕಿಯ ಮುಂದೆಯೇ ನಿಂತು ಕಾಫಿ ಕುಡಿದು, ನಾಲ್ಕು ಮಾತಾಡಿ ಹೋಗುತ್ತಾರೆ. ಒಳಗಿದ್ದ ಹೆಂಗಸು ಯಂತ್ರದಿಂದ ಇಳಿದ ಮೊದಲ ಕೆಲವು ಹನಿ ಗಟ್ಟಿ ಡಿಕಾಕ್ಷನ್ನನ್ನು ಸಕ್ಕರೆ ತುಂಬಿದ ಸ್ಟೀಲ್ ಲೋಟಕ್ಕೆ ಹಿಡಿದು, ಚಮಚದಿಂದ ರಭಸವಾಗಿ ಕಲೆಸಿದರು. ಕಪ್ಪಗಿದ್ದ ಸಕ್ಕರೆ ನೋಡನೋಡುತ್ತಲೇ ತಿಳಿಗಂದು ಬಣ್ಣಕ್ಕೆ ತಿರುಗಿ ಕೆನೆಯಂತಾಯಿತು. ಉಳಿದ ಡಿಕಾಕ್ಷನ್ನನ್ನು ಅದರ ಮೇಲೆ ಹೊಯ್ದಾಗ ಆ ಕೆನೆ ನೊರೆಯಾಗಿ ಮೇಲಕ್ಕೆ ತೇಲಿತು. ಇದನ್ನೇ ದೊಡ್ಡ ಲೋಟದಲ್ಲಿ ಕೊಟ್ಟರೆ ‘ಕೊಲಾದಾ’, ಜೊತೆಗೆ ಹೆಬ್ಬೆರಳುದ್ದದ ಪುಟ್ಟ ಪ್ಲಾಸ್ಟಿಕ್ ಲೋಟಗಳು ಬರುತ್ತವೆ. ಒಬ್ಬರು ಕೊಂಡು ಜೊತೆಗಿದ್ದವರಿಗೆಲ್ಲ ಹಂಚುವುದು ಅಲ್ಲಿನ ರೂಢಿ. ಅಪರಿಚಿತರಾದ ನಾವು ಹನ್ನೊಂದು ಹನ್ನೆರಡು ಮಂದಿ ಒಂದೇ ಲೋಟದ ಕಾಫಿಯನ್ನು ಹಂಚಿಕೊಂಡ ಮೇಲೆ ಒಬ್ಬರೊಡನೊಬ್ಬರು ಮಾತಾಡತೊಡಗಿದೆವು. ಒಳ್ಳೆಯ ಗೈಡ್ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ಅದೇ ಗೈಡ್ ನಾರ್ತ್‌ವೆಸ್ಟ್ ಸೆಕೆಂಡ್ ಅವೆನ್ಯೂದ ಒಂದು ಮೂಲೆಯಲ್ಲಿ ನಿಂತು ಬಡಾವಣೆಯ ಇತಿಹಾಸ ಹೇಳಿದರು. ಇತಿಹಾಸ 2009ಕ್ಕೆ ಆರಂಭವಾಯಿತು. ನ್ಯೂಯಾರ್ಕಿನ ಸೋಹೊ ಮತ್ತು ಮಯಾಮಿಯ ಸೌತ್ ಬೀಚ್‌ಗಳ ಹಳೆಯ ಕಟ್ಟಡಗಳಿಗೆ ಹೊಸ ರೂಪ ಕೊಟ್ಟಿದ್ದ ಟೋನಿ ಗೋಲ್ಡ್‌ಮನ್ ಎಂಬ ಉದ್ಯಮಿ ಇಲ್ಲಿನ ಗೋದಾಮುಗಳನ್ನು ಕೊಂಡರು, ಕಿಟಕಿಯಿಲ್ಲದ ಅವುಗಳ ಅಗಲವಾದ ಗೋಡೆಗಳನ್ನು ಜಗತ್ತಿನ ಬೀದಿ ಕಲಾವಿದರಿಗೆ ಬಿಟ್ಟುಕೊಟ್ಟರು, ಹೀಗೆ ‘ವಿನ್‌ವುಡ್ ವಾಲ್ಸ್’ ಹುಟ್ಟಿತು ಎಂದರು. ಇದೆಲ್ಲ ನಿಜವೇ. 2012ರಲ್ಲಿ ತೀರಿಕೊಂಡ ಗೋಲ್ಡ್‌ಮನ್ ಅವರ ಕಣ್ಣಿಗೆ ಕಂಡದ್ದು ಇತರ ಹಣವಂತರ ಕಣ್ಣಿಗೆ ಕಂಡಿರಲಿಲ್ಲ ಎಂಬುದನ್ನು ಒಪ್ಪಬೇಕು. ಕಾನೂನಿನ ಕಣ್ಣಿಗೆ ಬೀಳದಂತೆ ರಾತ್ರಿ ಹೊತ್ತು ಗೋಡೆಗೆ ಬಣ್ಣ ಹಚ್ಚುತ್ತಿದ್ದವರಿಗೆ ಹಗಲಿನಲ್ಲಿ ಏಣಿ ಹಾಕಿಕೊಂಡು ಬರೆಯುವ ಮರ್ಯಾದೆ ಸಿಕ್ಕಿದ್ದೂ ಸಣ್ಣ ಸಂಗತಿಯಲ್ಲ. ಆಗ ಗುಂಪಿನಲ್ಲಿದ್ದ ಒಬ್ಬ ಯುವತಿ, ಅದಕ್ಕಿಂತ ಮೊದಲು ಇಲ್ಲಿ ಯಾರಿದ್ದರು ಎಂದು ಕೇಳಿದಳು. ಯಾರೂ ಇರಲಿಲ್ಲ, ಬರೀ ಕಾರ್ಖಾನೆಗಳು ಮತ್ತು ಅಪರಾಧ ಎಂದು ಉತ್ತರಿಸಿದ ಗೈಡ್ ಮುಂದಿನ ಅಂಗಡಿಯ ಕಡೆಗೆ ಹೊರಟರು. ನಿಮ್ಮ ಲೇಖನದಲ್ಲಿಯೂ ಹೆಚ್ಚುಕಡಿಮೆ ಇದೇ ವಾಕ್ಯವಿದೆ.

ಇದ್ದದ್ದು ಬೇರೆ. 1917ರಲ್ಲಿ ಜೊಸಾಯಾ ಚೈಲ್ ಮತ್ತು ಹ್ಯೂ ಆಂಡರ್ಸನ್ ಎಂಬಿಬ್ಬರು ಇಲ್ಲಿನ ಜಮೀನು ಕೊಂಡು ನಿವೇಶನ ಮಾಡಿದರು. 1920ರ ದಶಕದಲ್ಲಿ ಕೋಕಾಕೋಲಾ ತುಂಬುವ ಕಾರ್ಖಾನೆ, ದೊಡ್ಡದೊಂದು ಬೇಕರಿ ಇವೆಲ್ಲ ಬಂದವು; ಆಮೇಲೆ ಬಟ್ಟೆ ಹೊಲಿಯುವ ಕಾರ್ಖಾನೆಗಳು, ಸಗಟು ಬಟ್ಟೆ ಅಂಗಡಿಗಳು, ಚಪ್ಪಲಿಯ ಗೋದಾಮುಗಳು ಸಾಲುಗಟ್ಟಿದವು. ಆ ಕೆಲಸಗಳನ್ನು ಹುಡುಕಿಕೊಂಡು 1950ರ ದಶಕದಿಂದ ಅಮೆರಿಕದ ಆಡಳಿತಕ್ಕೆ ಸೇರಿದ ಕೆರಿಬಿಯನ್ ದ್ವೀಪ ಪೋರ್ಟೊರಿಕೊದ ಜನ ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದರು. ಕಾಕತಾಳೀಯವೆಂದರೆ, ಬಡಾವಣೆಗೆ ನಿವೇಶನ ಗುರುತಿಸಿದ 1917ರಲ್ಲಿಯೇ ಅಮೆರಿಕದ ಕಾನೂನು ಪೋರ್ಟೊರಿಕೊದವರನ್ನು ತನ್ನ ನಾಗರಿಕರೆಂದು ಒಪ್ಪಿಕೊಂಡಿತ್ತು. ಹೀಗಾಗಿ ಅವರು ಬಂದದ್ದು ಪರದೇಶಿಗಳಾಗಿ ಅಲ್ಲ, ತಮ್ಮದೇ ದೇಶದ ಮತ್ತೊಂದು ಮೂಲೆಗೆ. ದ್ವೀಪದ ರಾಜಧಾನಿಯ ನೆನಪಿನಲ್ಲಿ ವಿನ್‌ವುಡ್ಡನ್ನು ಜನ ‘ಲಿಟಲ್ ಸಾನ್ ಹ್ವಾನ್’ ಎಂದೇ ಕರೆಯುತ್ತಿದ್ದರು. ಅವರ ಗುರುತು ಇವತ್ತಿಗೂ ನೆಲದ ಮೇಲಿದೆ. ಬಡಾವಣೆಯ ಉದ್ಯಾನಕ್ಕೆ ರಾಬರ್ಟೊ ಕ್ಲೆಮೆಂಟೆಯ ಹೆಸರಿದೆ: 1972ರ ಕೊನೆಯ ದಿನ, ಭೂಕಂಪದಲ್ಲಿ ನೊಂದ ನಿಕರಾಗುವಾದ ಜನರಿಗೆ ನೆರವಿನ ಸಾಮಗ್ರಿ ಒಯ್ಯುತ್ತಿದ್ದಾಗ ವಿಮಾನ ಅಪಘಾತದಲ್ಲಿ ತೀರಿಕೊಂಡ ಪೋರ್ಟೊರಿಕೊದ ಬೇಸ್‌ಬಾಲ್ ಆಟಗಾರ ಆತ. ಮಾಧ್ಯಮಿಕ ಶಾಲೆಗೆ ಆ ದ್ವೀಪದ ಕವಿ, ರಾಜಕಾರಣಿ ಹೋಸೆ ದೆ ದಿಯೆಗೊ ಅವರ ಹೆಸರಿದೆ. ಸಮುದಾಯ ಕೇಂದ್ರಕ್ಕೆ ಅಲ್ಲಿಯದೇ ಶಿಕ್ಷಣತಜ್ಞ ಹೋಸ್ತೋಸ್ ಅವರ ಹೆಸರು. ಇವುಗಳಲ್ಲಿ ಒಂದನ್ನೂ ನಮ್ಮ ಟೂರ್ ಮುಟ್ಟಲಿಲ್ಲ. ಏಕೆಂದರೆ ಟೂರ್‌ಗಳು ತಿರುಗುವುದು 29ನೇ ಬೀದಿಯ ದಕ್ಷಿಣಕ್ಕಿರುವ ಗೋದಾಮುಗಳ ಭಾಗದಲ್ಲಿ; ಮನೆಗಳಿರುವುದು ಅದರ ಉತ್ತರಕ್ಕೆ.

‘ಅಪರಾಧ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದರ ಹಿಂದೆಯೂ ಒಂದು ಚರಿತ್ರೆಯಿದೆ. ಬಟ್ಟೆ ಕಾರ್ಖಾನೆಗಳು ಕಡಿಮೆ ಕೂಲಿಯ ದೇಶಗಳತ್ತ ಹೋದಂತೆ ಕೆಲಸ ಹೋಯಿತು, ಮಾದಕವಸ್ತುಗಳ ವ್ಯಾಪಾರ ಬಂತು. 1990ರ ಡಿಸೆಂಬರಿನಲ್ಲಿ, ಒಬ್ಬ ಪೋರ್ಟೊರಿಕೊದವನನ್ನು ಹೊಡೆದು ಸಾಯಿಸಿದ ಆರೋಪ ಹೊತ್ತಿದ್ದ ಪೊಲೀಸರನ್ನು ನ್ಯಾಯಾಲಯ ಬಿಡುಗಡೆ ಮಾಡಿದಾಗ ಇಲ್ಲಿ ಗಲಭೆಯಾಯಿತು, ಅಂಗಡಿಗಳು ಸುಟ್ಟುಹೋದವು. ಆಗಲೂ ಆ ಬೀದಿಗಳಲ್ಲಿ ಸಂಸಾರಗಳಿದ್ದವು, ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಕಲಾವಿದರ ವಿಷಯದಲ್ಲಿಯೂ 2009 ಮೊದಲ ಪುಟವಲ್ಲ. ನಾನು ಮೇಲೆ ಹೇಳಿದ 1920ರ ದಶಕದ ಬೇಕರಿ ಮುಚ್ಚಿ ಖಾಲಿ ಬಿದ್ದಿದ್ದಾಗ, 1980ರ ದಶಕದ ನಡುವಿನಲ್ಲಿ ಕಲಾವಿದರೇ ಸೇರಿ ಅದನ್ನು ಪಡೆದು, ಕಡಿಮೆ ಬಾಡಿಗೆಯ ಸ್ಟುಡಿಯೋಗಳನ್ನಾಗಿ ಮಾಡಿಕೊಂಡರು. ಅದೇ ಇಂದಿನ ‘ಬೇಕ್‌ಹೌಸ್ ಆರ್ಟ್ ಕಾಂಪ್ಲೆಕ್ಸ್’. ಸಾವಿರಾರು ಬ್ರೆಡ್ಡುಗಳನ್ನು ಬೇಯಿಸುತ್ತಿದ್ದ ಕಟ್ಟಡದಲ್ಲಿ ಈಗ ಚಿತ್ರಕಾರರೂ ಶಿಲ್ಪಿಗಳೂ ಕೆಲಸ ಮಾಡುತ್ತಿದ್ದಾರೆ. ಊಟ ಮತ್ತು ಕಲೆ ಎರಡನ್ನೂ ಒಟ್ಟಿಗೆ ತೋರಿಸುತ್ತೇವೆ ಎನ್ನುವ ಟೂರ್ ನಿಲ್ಲಲೇಬೇಕಾದ ಜಾಗ ಯಾವುದಾದರೂ ಇದ್ದರೆ ಇದು. ಮುಂದೆ 1993ರಲ್ಲಿ ರುಬೆಲ್ ಕುಟುಂಬ ತನ್ನ ದೊಡ್ಡ ಕಲಾಸಂಗ್ರಹವನ್ನು ಇಲ್ಲಿಗೆ ತಂದಿತು. ಮಾದಕವಸ್ತು ನಿಗ್ರಹ ಇಲಾಖೆಯವರು ಜಪ್ತಿ ಮಾಡಿದ ಮಾಲು ಇಡುತ್ತಿದ್ದ ಗೋದಾಮೇ ಅದರ ಮನೆಯಾಯಿತು. 1999ರಲ್ಲಿ ಮಾರ್ಗುಲೀಸ್ ಸಂಗ್ರಹ ಬಂತು. 2002ರಲ್ಲಿ ಕೊಲ್ಲಿಯಾಚೆಯ ಮಯಾಮಿ ಬೀಚ್‌ನಲ್ಲಿ ಆರ್ಟ್ ಬಾಸೆಲ್ ಕಲಾಮೇಳ ಶುರುವಾದ ಮೇಲೆ ಪ್ರತಿ ಡಿಸೆಂಬರಿನಲ್ಲಿ ಜಗತ್ತಿನ ಕಲಾಪ್ರೇಮಿಗಳು ಈ ಕಡೆಗೂ ತಿರುಗಿದರು. ತಿಂಗಳ ಎರಡನೆಯ ಶನಿವಾರ ಗ್ಯಾಲರಿಗಳೆಲ್ಲ ರಾತ್ರಿಯವರೆಗೂ ತೆರೆದಿರುತ್ತಿದ್ದವು. ಹಾಗೆ ಬಂದ ಜನರ ಹಸಿವಿಗೆ ಉತ್ತರವಾಗಿ ಖಾಲಿ ನಿವೇಶನಗಳಲ್ಲಿ ಫುಡ್ ಟ್ರಕ್‌ಗಳು ಬಂದು ನಿಂತವು. ಇವತ್ತಿನ ಫುಡ್ ಟೂರ್‌ನ ಮೂಲವನ್ನು ನಾನು ಹುಡುಕುವುದಾದರೆ ಆ ಶನಿವಾರದ ರಾತ್ರಿಗಳಲ್ಲಿ ಹುಡುಕುತ್ತೇನೆ. ಚಿತ್ರ ನೋಡಲು ಬಂದವರೇ ನಿಂತು ತಿಂದದ್ದು, ತಿಂದವರೇ ಮತ್ತೆ ಚಿತ್ರ ನೋಡಲು ಹೋದದ್ದು ಅಲ್ಲಿ ಸಹಜವಾಗಿ ನಡೆದಿತ್ತು.

ಆಮೇಲಿನದು ಬಾಡಿಗೆಯ ಕಥೆ. 2013ರಲ್ಲಿ ಆಸ್ತಿ ಮಾಲೀಕರ ವ್ಯಾಪಾರಾಭಿವೃದ್ಧಿ ಮಂಡಳಿಯೊಂದು ರೂಪುಗೊಂಡಿತು. 2015ರಲ್ಲಿ ಕೈಗಾರಿಕಾ ವಲಯದ ಹಳೆಯ ನಿಯಮಗಳನ್ನು ಬದಲಿಸಿ, ವಸತಿ ಮತ್ತು ವಾಣಿಜ್ಯದ ಹೊಸ ಕಟ್ಟಡಗಳಿಗೆ ದಾರಿ ಮಾಡಿಕೊಡಲಾಯಿತು. ಬಾಡಿಗೆ ತಾಳಲಾರದ ಗ್ಯಾಲರಿಗಳು ಒಂದೊಂದಾಗಿ ಲಿಟಲ್ ರಿವರ್, ಲಿಟಲ್ ಹೇಟಿ, ಅಲಪಾಟಾ ಬಡಾವಣೆಗಳಿಗೆ ಹೊರಟವು. ರುಬೆಲ್ ಸಂಗ್ರಹವೂ 2019ರಲ್ಲಿ ಅಲಪಾಟಾಕ್ಕೆ ಹೋಯಿತು. ಮೊದಲು ಯಾರು ಬೇಕಾದರೂ ಸುಮ್ಮನೆ ನಡೆದು ನೋಡಬಹುದಾಗಿದ್ದ ವಿನ್‌ವುಡ್ ವಾಲ್ಸ್ ಆವರಣಕ್ಕೆ ಈಗ ಟಿಕೆಟ್ ಇದೆ. ಬಡಾವಣೆಗೆ ಹೆಸರು ತಂದ ಕಲಾವಿದರ ಗತಿಯೇ ಹೀಗಾದರೆ, ಉತ್ತರ ಭಾಗದಲ್ಲಿ ಬಾಡಿಗೆ ಮನೆಗಳಲ್ಲಿದ್ದ ಹೊಲಿಗೆ ಕೆಲಸದವರ, ಅಡುಗೆ ಕೆಲಸದವರ ಸಂಸಾರಗಳ ಮೇಲೆ ಏನೆಲ್ಲ ಒತ್ತಡ ಬಿದ್ದಿರಬಹುದು ಎಂಬುದನ್ನು ಓದುಗರೇ ಯೋಚಿಸಬಹುದು. 2016ರ ಜುಲೈನಲ್ಲಿ ಅಮೆರಿಕದ ಮುಖ್ಯ ಭೂಭಾಗದಲ್ಲಿಯೇ ಮೊದಲ ಬಾರಿಗೆ ಸ್ಥಳೀಯ ಸೊಳ್ಳೆಗಳಿಂದ ಝೀಕಾ ಸೋಂಕು ಹರಡಿದ್ದು ಪತ್ತೆಯಾದದ್ದು ಈ ಬಡಾವಣೆಯಲ್ಲಿ. ಗರ್ಭಿಣಿಯರು ಅತ್ತ ಹೋಗಬಾರದೆಂದು ಆಗಸ್ಟ್‌ನಲ್ಲಿ ಹೊರಬಿದ್ದ ಕೇಂದ್ರ ಆರೋಗ್ಯ ಸಂಸ್ಥೆಯ ಎಚ್ಚರಿಕೆ ಸೆಪ್ಟೆಂಬರ್ ನಡುವಿನವರೆಗೂ ಜಾರಿಯಲ್ಲಿತ್ತು. ಬೀದಿಗಳು ಬಣಗುಟ್ಟಿದವು, ಹೋಟೆಲುಗಳು ಗಿರಾಕಿಗಳಿಲ್ಲದೆ ಕುಳಿತವು. ಪ್ರವಾಸಿಗಳು ಬೇರೆ ಕಡೆ ಹೋಗಬಹುದಿತ್ತು. ದಿನಗೂಲಿಯ ಮೇಲೆ ಪಾತ್ರೆ ತೊಳೆಯುವವರು, ಟಿಪ್ಸ್ ನಂಬಿ ಬಡಿಸುವವರು ಹೋಗುವಂತಿರಲಿಲ್ಲ. ಈ ತಟ್ಟೆಗಳನ್ನು ನಮ್ಮ ಮುಂದೆ ತಂದಿಡುವವರು ಏನನ್ನು ದಾಟಿ ಬಂದಿದ್ದಾರೆ ಎಂದು ಹೇಳುವುದಕ್ಕೆ ಗೈಡ್‌ಗೆ ಎರಡು ನಿಮಿಷ ಸಾಕು.

ಇಷ್ಟನ್ನೆಲ್ಲ ಒಂದು ತಿಂಡಿಯ ನಡಿಗೆಯ ಮೇಲೆ ಹೇರುವುದೇಕೆ ಎಂದು ಕೆಲವರು ಕೇಳಬಹುದು. ರಜೆಯಲ್ಲಿ ಬಂದವರು ನಾಲ್ಕು ರುಚಿ ನೋಡಿ ಸಂತೋಷಪಟ್ಟು ಹೋಗಲಿ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಡಾವಣೆಯ ಚರಿತ್ರೆಯನ್ನು ಭಾಷಣವಿಲ್ಲದೆ ತಿಳಿಸುವ ಸಾಮರ್ಥ್ಯ ಅಡುಗೆಗಿರುವಷ್ಟು ಬೇರೆ ಯಾವುದಕ್ಕೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗೋಡೆಯ ಚಿತ್ರವನ್ನು ವರ್ಷ ಕಳೆದ ಮೇಲೆ ಬಿಳಿ ಬಣ್ಣ ಬಳಿದು ಹೊಸದಾಗಿ ಬರೆಯುತ್ತಾರೆ, ವಿನ್‌ವುಡ್‌ನಲ್ಲಿ ಅದು ವಾಡಿಕೆ. ಗೋದಾಮನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಅಜ್ಜಿ ಮಾಡುತ್ತಿದ್ದ ಅನ್ನದ ಪಾಕವನ್ನು ಮಾತ್ರ ಮೊಮ್ಮಗಳು ಎಲ್ಲಿಗೆ ಹೋದರೂ ಒಯ್ಯುತ್ತಾಳೆ.

ಪೋರ್ಟೊರಿಕೊದವರ ಹಬ್ಬದ ಊಟದಲ್ಲಿ ‘ಅರೋಸ್ ಕಾನ್ ಗಂಡೂಲೆಸ್’ ಎಂಬ ಅನ್ನ ಇರಲೇಬೇಕು. ಅದರಲ್ಲಿ ಬೀಳುವ ಕಾಳು ಬೇರಾವುದೂ ಅಲ್ಲ, ತೊಗರಿ. ಭಾರತದಲ್ಲಿ ಮೊದಲು ಬೇಸಾಯಕ್ಕೆ ಒಗ್ಗಿದ ತೊಗರಿ ಆಫ್ರಿಕಾಕ್ಕೆ ಹೋಗಿ, ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳ ಕಾಲದಲ್ಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿತು. ಅಲ್ಲಿನ ಜನ ಅದನ್ನು ಬೇಳೆ ಮಾಡದೆ ಇಡಿಯಾಗಿ, ಹೆಚ್ಚಾಗಿ ಹಸಿಯಾಗಿಯೇ, ಬೆಳ್ಳುಳ್ಳಿ, ಮೆಣಸಿನಕಾಯಿ, ಸೊಪ್ಪುಗಳನ್ನು ಅರೆದು ಹುರಿದ ಮಸಾಲೆಯಲ್ಲಿ ಅನ್ನದೊಡನೆ ಬೇಯಿಸುತ್ತಾರೆ. ಕನ್ನಡದ ಓದುಗರಿಗೆ ಹೇಳಲು ಇದಕ್ಕಿಂತ ಹತ್ತಿರದ ಸಂಗತಿ ವಿನ್‌ವುಡ್‌ನಲ್ಲಿ ಮತ್ತೊಂದಿಲ್ಲ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇರಲಿಲ್ಲ. ‘ಮೊಫೋಂಗೊ’ ಎಂಬ ಇನ್ನೊಂದು ತಿನಿಸಿದೆ. ಕಾಯಿಬಾಳೆಯ ಹೋಳುಗಳನ್ನು ಕರಿದು, ಮರದ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಮತ್ತು ಹುರಿದ ಹಂದಿಚರ್ಮದ ಚೂರುಗಳೊಡನೆ ಜಜ್ಜಿ ಮುದ್ದೆ ಕಟ್ಟುತ್ತಾರೆ. ಒಂದು ಕೈ ಕುಟ್ಟಾಣಿಯನ್ನು ಒತ್ತಿ ಹಿಡಿದು, ಇನ್ನೊಂದು ಕೈ ಜಜ್ಜುವುದನ್ನು ನೋಡಿದರೆ ಕೆರಿಬಿಯನ್ ಅಡುಗೆಗೆ ಆಫ್ರಿಕಾದ ಋಣ ಎಷ್ಟಿದೆ ಎಂದು ಬೇರೆ ವಿವರಿಸಬೇಕಾಗಿಲ್ಲ.

ನಾವು ಹೋದ ಟೂರ್‌ನಲ್ಲಿ ಇವೆರಡೂ ಇರಲಿಲ್ಲ. ಕ್ಯೂಬಾದ ಸ್ಯಾಂಡ್‌ವಿಚ್ ಇತ್ತು, ಮೆಕ್ಸಿಕೊದ ಟಾಕೊ ಇತ್ತು, ವೆನೆಜುವೆಲಾ ಮತ್ತು ಕೊಲಂಬಿಯಾದವರು ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಅರೇಪಾ ಇತ್ತು, ಕೊನೆಗೆ ಐಸ್‌ಕ್ರೀಮ್. ಎಲ್ಲವೂ ರುಚಿಯಾಗಿದ್ದವು, ಮಯಾಮಿಯೇ ಬಗೆಬಗೆಯ ಲ್ಯಾಟಿನ್ ಅಮೆರಿಕದ ಜನ ಕೂಡಿ ಬಾಳುವ ನಗರವಾದ್ದರಿಂದ ಅವು ಅಲ್ಲಿಗೆ ಹೊರಗಿನವೂ ಅಲ್ಲ. ಆದರೆ ಎಲ್ಲವನ್ನೂ ‘ಲ್ಯಾಟಿನ್ ತಿಂಡಿ’ ಎಂಬ ಒಂದೇ ಹೆಸರಿನಡಿ ತಂದು, ಈ ಬೀದಿಗಳಲ್ಲಿ ನಿಜವಾಗಿ ಬಾಳಿದವರ ಅಡುಗೆಯನ್ನೇ ಬಿಟ್ಟಿದ್ದರು. ಕ್ಯೂಬಾದವರಿಗೂ ಪೋರ್ಟೊರಿಕೊದವರಿಗೂ ಬಂದ ದಾರಿ ಬೇರೆ, ಬಂದ ಕಾರಣ ಬೇರೆ, ಅಡುಗೆಯ ಹದವೂ ಬೇರೆ. ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನೂ ತೋರಿಸಿದೆವೆಂದು ಭಾವಿಸುವುದು ಇಬ್ಬರಿಗೂ ಗೌರವ ತರುವ ಕೆಲಸವಲ್ಲ.

ಗೈಡ್‌ಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಕಂಪನಿ ಕೊಟ್ಟ ಮಾತುಗಳನ್ನು ಹೇಳುತ್ತಾರೆ, ಬಿಸಿಲಿನಲ್ಲಿ ದಿನಕ್ಕೆರಡು ಬಾರಿ ನಡೆಯುತ್ತಾರೆ, ಟಿಪ್ಸ್‌ನಿಂದ ಸಂಸಾರ ತೂಗಿಸುತ್ತಾರೆ. ಹಳೆಯ ಸಣ್ಣ ಅಂಗಡಿಗಳು ಟೂರ್‌ಗಳಲ್ಲಿ ಇಲ್ಲದಿರುವುದಕ್ಕೂ ವ್ಯವಹಾರದ ಕಾರಣಗಳಿವೆ. ಎಂಟು ಸ್ಟೂಲುಗಳ ಅಂಗಡಿಗೆ ಮಧ್ಯಾಹ್ನ ಹನ್ನೆರಡೂವರೆಗೆ ಹನ್ನೆರಡು ಜನ ನುಗ್ಗಿದರೆ ದಿನಾ ಬರುವ ಕೂಲಿಯವರು ಹೊರಗೆ ನಿಲ್ಲಬೇಕಾಗುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ತುತ್ತು ಮಾಡಿಕೊಡುವಷ್ಟು ಕೈಗಳು ಅಡುಗೆಮನೆಯಲ್ಲಿರುವುದಿಲ್ಲ. ಟೂರ್ ಕಂಪನಿ ಕೇಳುವ ರಿಯಾಯಿತಿ ದೊಡ್ಡ ಹೋಟೆಲಿಗೆ ಜಾಹೀರಾತಿನ ಖರ್ಚು, ಸಣ್ಣವರಿಗೆ ಅದು ನೇರ ನಷ್ಟ. ಆದರೂ ಇದು ಬಗೆಹರಿಯದ ಸಮಸ್ಯೆಯೇನಲ್ಲ. ಗುಂಪು ಚಿಕ್ಕದಾಗಿರಲಿ. ಊಟದ ಹೊತ್ತಿನ ನೂಕುನುಗ್ಗಲು ಮುಗಿದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ ಹೋಗಲಿ. ಸಣ್ಣ ಅಂಗಡಿಗೆ ಪೂರ್ತಿ ಬೆಲೆ ಕೊಡಲಿ, ಹಿಂದಿನ ದಿನವೇ ತಲೆಯೆಣಿಕೆ ತಿಳಿಸಲಿ. ಆಮ್‌ಸ್ಟರ್‌ಡ್ಯಾಮ್ ನಗರ 2020ರಿಂದ ತನ್ನ ಹಳೆಯ ನಗರಭಾಗದಲ್ಲಿ ಗೈಡ್ ಜೊತೆಗಿನ ಗುಂಪಿಗೆ ಹದಿನೈದು ಜನರ ಮಿತಿ ಹಾಕಿದೆ. ಊಟದ ನಡಿಗೆಗೆ ಅದೂ ಹೆಚ್ಚೇ. ಎಂಟು ಜನರಿಗೆ ಕೇಳಿಸುವಂತೆ ಮಾತಾಡಲು ಗೈಡ್ ಕೂಗಬೇಕಾಗಿಲ್ಲ, ಅಂಗಡಿಯಾಕೆ ತನ್ನ ಮಾತನ್ನು ತಾನೇ ಹೇಳಬಹುದು.

ಚಿತ್ರಗಳ ಬಗ್ಗೆ ಒಂದು ಮಾತು. ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೆ ಟೂರ್‌ನಲ್ಲಿ ಬೇಕಾದಷ್ಟು ಸಮಯ ಸಿಗುತ್ತದೆ, ಬರೆದವರ ಹೆಸರು ಕೇಳುವುದಕ್ಕೆ ಸಿಗುವುದಿಲ್ಲ. ಸಾಮಾನ್ಯವಾಗಿ ಗೋಡೆಯ ಕೆಳಮೂಲೆಯಲ್ಲಿ ಕಲಾವಿದರ ಸಹಿಯಿರುತ್ತದೆ. ಅದನ್ನು ಓದಿ ಹೇಳುವ ಗೈಡ್ ಒಬ್ಬರಿದ್ದರೆ ನೋಡುವ ಕಣ್ಣೇ ಬದಲಾಗುತ್ತದೆ. ಹೋಸೆ ದೆ ದಿಯೆಗೊ ಶಾಲೆಯನ್ನು ಮತ್ತೆ ನೆನೆಯಬೇಕು: ಜಗತ್ಪ್ರಸಿದ್ಧ ಗೋಡೆಚಿತ್ರಗಳ ಮಗ್ಗುಲಲ್ಲೇ ಇದ್ದ ಆ ಶಾಲೆಯಲ್ಲಿ ಚಿತ್ರಕಲೆ ಕಲಿಸಲು ಹಣವಿರಲಿಲ್ಲ. 2014ರಲ್ಲಿ ‘ರಾ ಪ್ರಾಜೆಕ್ಟ್’ ಎಂಬ ಯೋಜನೆಯಡಿ ಹಲವು ದೇಶಗಳ ಕಲಾವಿದರು ಬಂದು ಶಾಲೆಯ ಗೋಡೆಗಳನ್ನು ಚಿತ್ರಗಳಿಂದ ತುಂಬಿದರು. ಮಕ್ಕಳು ಕಲಿಯುವ ಜಾಗವಾದ್ದರಿಂದ ಪ್ರವಾಸಿಗರು ಒಳಗೆ ಹೋಗುವುದು ಬೇಡ. ರಸ್ತೆಯಿಂದಲೇ ಸಾಕಷ್ಟು ಕಾಣುತ್ತದೆ. 29ನೇ ಬೀದಿಯನ್ನು ದಾಟಿ ಉತ್ತರಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಇನ್ನು, ಅಲ್ಲಿಗೆ ಹೋಗುವ ನಮ್ಮ ಓದುಗರಿಗೆ ಲೇಖನ ತಿಳಿಸದೆ ಬಿಟ್ಟ ಕೆಲವು ಸಂಗತಿಗಳು. ಸಸ್ಯಾಹಾರಿಗಳು ಟಿಕೆಟ್ ಕಾಯ್ದಿರಿಸುವಾಗಲೇ ಸ್ಪಷ್ಟವಾಗಿ ಬರೆದು ತಿಳಿಸಬೇಕು, ಅಲ್ಲಿ ಹೋಗಿ ಹೇಳಿದರೆ ಪ್ರಯೋಜನವಾಗದು. ಮಾಂಸದ ಚೂರು ಕಾಣಿಸುವುದಿಲ್ಲ ಎಂಬ ಕಾರಣಕ್ಕೆ ಯಾವುದನ್ನೂ ಸಸ್ಯಾಹಾರವೆಂದು ನಂಬಬಾರದು. ಕಪ್ಪು ಹುರುಳಿಕಾಯಿಕಾಳಿನ ಸಾರಿಗೆ ಹಂದಿಮಾಂಸದ ತುಂಡು ಹಾಕಿ ಕುದಿಸುವುದುಂಟು, ಕ್ಯೂಬಾದ ಬ್ರೆಡ್ಡಿನ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬನ್ನೇ ಸೇರಿಸುತ್ತಾರೆ, ತೊಗರಿಕಾಳಿನ ಅನ್ನಕ್ಕೂ ಹಂದಿಮಾಂಸ ಬೀಳುವುದು ಸಾಮಾನ್ಯ. ಕಾಯಿಬಾಳೆಯನ್ನು ಕರಿದು, ಚಪ್ಪಟೆ ಒತ್ತಿ, ಮತ್ತೆ ಕರಿಯುವ ‘ತೊಸ್ತೋನೆಸ್’ ಹೆಚ್ಚಿನವರಿಗೆ ಹಿಡಿಸುತ್ತದೆ; ಕರಿಯುವ ಎಣ್ಣೆ ಬೇರೆಯೇ ಎಂದು ಕೇಳಿಕೊಂಡರಾಯಿತು. ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಳೆ ಇದ್ದಕ್ಕಿದ್ದಂತೆ ಸುರಿಯುತ್ತದೆ. ಮಂಡಿನೋವಿರುವ ಹಿರಿಯರಿಗೆ ಚಳಿಗಾಲದ ಬೆಳಗಿನ ನಡಿಗೆಯೇ ಲೇಸು. ಗೈಡ್‌ಗೆ ಟಿಕೆಟ್ ಬೆಲೆಯ ಶೇ 15ರಿಂದ 20ರಷ್ಟು ಟಿಪ್ಸ್ ಕೊಡುವುದು ಅಲ್ಲಿ ಔದಾರ್ಯವಲ್ಲ, ಅವರ ಸಂಪಾದನೆಯ ಭಾಗ. ಟೂರ್ ಮುಗಿದ ಮೇಲೆ ನಗರದ ಉಚಿತ ಟ್ರಾಲಿ ಬಸ್ಸಿನಲ್ಲಿ ಸುತ್ತಮುತ್ತ ತಿರುಗಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಟೂರ್ ಗೊತ್ತುಮಾಡುವ ಮುನ್ನ ಕಂಪನಿಗೆ ಒಂದು ಪ್ರಶ್ನೆ ಕಳಿಸಿ: ಪೋರ್ಟೊರಿಕೊದವರ ಅಡುಗೆ ನಿಮ್ಮ ಪಟ್ಟಿಯಲ್ಲಿದೆಯೇ? ಹತ್ತು ಜನ ಗಿರಾಕಿಗಳು ಕೇಳಿದರೆ ಹನ್ನೊಂದನೆಯವರಿಗೆ ಅದು ಸಿಗುತ್ತದೆ. ವ್ಯಾಪಾರ ನಡೆಯುವುದೇ ಹಾಗೆ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಡಿಸೆಂಬರ್ ಮೊದಲ ವಾರದ ಕಲಾಮೇಳಕ್ಕೆ ಮಯಾಮಿಗೆ ಹೋಗುವವರು ಅಕ್ಟೋಬರ್ ಹೊತ್ತಿಗೇ ಸಿದ್ಧತೆ ಮಾಡಿಕೊಳ್ಳುತ್ತಾರೆ. ಅಷ್ಟರೊಳಗೆ ಪ್ರವಾಸ ಪುರವಣಿಯಲ್ಲಿ ವಿನ್‌ವುಡ್ ಬಗ್ಗೆ ಇನ್ನೊಂದು ಬರಹ ಬರಲಿ. ಅದರಲ್ಲಿ ಬೇಕ್‌ಹೌಸ್, ಕ್ಲೆಮೆಂಟೆ ಉದ್ಯಾನ, ದಿಯೆಗೊ ಶಾಲೆಗಳನ್ನು ಗುರುತು ಮಾಡಿದ ಸಣ್ಣ ನಕ್ಷೆಯೊಂದಿರಲಿ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ 29ನೇ ಬೀದಿಯ ಉತ್ತರಕ್ಕಿರುವ ಸಂಸಾರಗಳೊಡನೆ ಕುಳಿತು ಮಾತಾಡಿ, ಅವರ ಅಡುಗೆಯ ಬಗ್ಗೆ ಅವರ ಬಾಯಿಂದಲೇ ಕೇಳಿ ಬರೆಯುವಂತಾಗಲಿ. ಹಿಂದಿನ ಲೇಖನ ಬರೆದವರೇ ಆ ಕೆಲಸ ಮಾಡಿದರೆ ಇನ್ನೂ ಸಂತೋಷ. ಅವರ ಬರವಣಿಗೆಯಲ್ಲಿ ರುಚಿಯನ್ನು ಓದುಗರ ನಾಲಿಗೆಗೆ ಮುಟ್ಟಿಸುವ ಶಕ್ತಿಯಿದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ